ಮೆನು ಯಾರಿಗಾಗಿ, ಸ್ಟುಡಿಯೊದವರಿಗೋ ನೋಡುವವರಿಗೋ

ನಮ್ಮ ಕಡೆ ಮದುವೆ ಡಿವಿಡಿ ಹಾಕಿದರೆ ಮೊದಲು ಕಾಣುವುದು ಮದುಮಕ್ಕಳಲ್ಲ. ಸ್ಟುಡಿಯೊದ ಹೆಸರು ಗಿರಗಿರ ತಿರುಗುತ್ತಾ ಬರುತ್ತದೆ, ಗುಲಾಬಿ ಎಸಳು ಉದುರುತ್ತವೆ, ಎರಡು ಮೊಬೈಲ್ ನಂಬರ್ ಬರುತ್ತವೆ, ಮತ್ತೆ ಸ್ಟುಡಿಯೊದ ಹೆಸರು. ಮುಂದೆ ಓಡಿಸೋಣವೆಂದು ರಿಮೋಟ್ ಒತ್ತಿದರೆ ಟಿವಿಯ ಮೂಲೆಯಲ್ಲಿ ಒಂದು ಕೈ ಚಿಹ್ನೆ ಮೂಡಿ ‘ಆಗದು’ ಎನ್ನುತ್ತದೆ.

ಆ ಕೈ ಚಿಹ್ನೆ ಕಂಡಾಗ ಬಹಳ ಜನ ಪ್ಲೇಯರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಪ್ಲೇಯರ್ ಕೆಟ್ಟಿರುವುದಿಲ್ಲ. ಯಾವ ಜಾಗದಲ್ಲಿ ರಿಮೋಟಿನ ಯಾವ ಬಟನ್ ಕೆಲಸ ಮಾಡಬಾರದು ಎಂದು ಡಿಸ್ಕ್ ಮಾಡುವವರೇ ಅದರೊಳಗೆ ಬರೆದಿಡಬಹುದು. ಸಿನಿಮಾ ಕಂಪನಿಗಳು ಕಾಪಿರೈಟ್ ಎಚ್ಚರಿಕೆಯನ್ನು ದಾಟಿ ಹೋಗದಂತೆ ಇದನ್ನು ಬಳಸುತ್ತಿದ್ದವು. ನಮ್ಮ ತಾಲೂಕಿನ ಸ್ಟುಡಿಯೊಗಳು ಅದನ್ನು ತಮ್ಮ ಜಾಹೀರಾತಿಗೆ ಬಳಸಿಕೊಂಡವು. ದುಡ್ಡು ಕೊಟ್ಟವರು ನೀವು, ಅಕ್ಕಿಕಾಳು ಬೀಳುವ ಹೊತ್ತಿಗೆ ಕಾಯಬೇಕಾದವರೂ ನೀವು.

ಡಿವಿಡಿ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು, ಮೆನು ನಮಗೆ ಬೇಕಾದ ಹಾಗೆ ಮಾಡಿಕೊಳ್ಳುವುದು ಹೇಗೆ, ಮಾಡಿದ ಡಿಸ್ಕ್ ಎಲ್ಲರ ಮನೆಯ ಪ್ಲೇಯರಿನಲ್ಲೂ ಓಡುವಂತೆ ಏನು ಮಾಡಬೇಕು ಎಂದು ವಿಡಿಯೊ ಕೆಲಸ ಮಾಡುವ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ. ಸಾಫ್ಟ್‌ವೇರಿನ ಹೆಸರು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಆ ಡಿಸ್ಕ್ ಹಾಕಿ ನೋಡುವವರು ಯಾರು ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ವಾದ.

ಎಲ್ಲ ಫೋನಿನಲ್ಲೇ ಇರುವಾಗ ಡಿವಿಡಿಯ ಮಾತೇಕೆ ಎಂದು ನೀವು ಕೇಳಬಹುದು. ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ. ಆದರೆ ಮದುವೆ ಆಲ್ಬಮ್ಮಿನ ಜೊತೆ ಡಿಸ್ಕ್ ಕೊಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಫೋನು ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಬಿದ್ದು ಒಡೆಯುತ್ತದೆ, ಮೆಮೊರಿ ತುಂಬಿತೆಂದು ಮಕ್ಕಳು ಡಿಲೀಟ್ ಮಾಡುತ್ತಾರೆ. ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟ ಡಿಸ್ಕ್ ಹಾಗೇ ಇರುತ್ತದೆ. ಅಜ್ಜಿಗೆ ದೊಡ್ಡ ಟಿವಿಯಲ್ಲೇ ನೋಡಬೇಕು. ಹತ್ತು ವರ್ಷದ ಹಿಂದಿನ ದೊಡ್ಡಾಟ, ಪಾರಿಜಾತ, ಭಜನೆ, ಊರ ಜಾತ್ರೆ ಎಲ್ಲ ಇರುವುದು ಆ ಡಿಸ್ಕುಗಳಲ್ಲೇ. ಅವುಗಳಲ್ಲಿ ಎಷ್ಟೋ ಡಿಸ್ಕುಗಳಿಗೆ ಬೇರೆಲ್ಲೂ ಇನ್ನೊಂದು ಪ್ರತಿ ಇಲ್ಲ.

ಮೆನು ಎಂದರೇನು ಎಂಬುದರಿಂದ ಶುರು ಮಾಡೋಣ. ಡಿವಿಡಿ ಮೆನು ಫೋನಿನ ಆಪ್‌ನಂತಲ್ಲ. ಹಿಂದೆ ಒಂದು ಚಿತ್ರ ಅಥವಾ ಚಿಕ್ಕ ವಿಡಿಯೊ ಇರುತ್ತದೆ. ಅದರ ಮೇಲೆ ಗಾಜಿನ ಹಾಳೆಯಂಥ ಒಂದು ತೆಳು ಪದರ, ಬಟನ್ ಗುರುತು ಇರುವುದು ಆ ಪದರದಲ್ಲಿ. ಆ ಪದರಕ್ಕೆ ಒಂದು ಸಲಕ್ಕೆ ಸಿಗುವುದು ನಾಲ್ಕೇ ಬಣ್ಣ, ಅದರಲ್ಲೂ ಒಂದು ಸಾಮಾನ್ಯವಾಗಿ ಪಾರದರ್ಶಕ. ರಿಮೋಟಿನ ಬಾಣ ಒತ್ತಿದಾಗ ಬಟನ್ ಹೊಳೆಯುವುದು, ಬಣ್ಣ ಬದಲಾಗುವುದು ಎಲ್ಲ ಇಷ್ಟರಲ್ಲೇ ಆಗಬೇಕು. ಕಂಪ್ಯೂಟರಿನಲ್ಲಿ ನೆರಳು, ಹೊಳಪು, ಚಿನ್ನದ ಅಂಚು ಹಾಕಿ ಚಂದದ ಬಟನ್ ಮಾಡಿದರೂ ಟಿವಿಯಲ್ಲಿ ಅದರ ಅಂಚು ಹಲ್ಲುಹಲ್ಲಾಗಿ ಕಾಣುವುದು ಇದಕ್ಕೇ. ಬಟನ್ನಿನ ಸುತ್ತ ಒಂದು ದಪ್ಪ ಗೆರೆ, ಅಥವಾ ಪಕ್ಕದಲ್ಲಿ ಒಂದು ಚುಕ್ಕೆ, ಅಷ್ಟು ಸಾಕು. ಯಾವ ಬಟನ್ ಮೇಲೆ ಇದ್ದೇನೆ ಎಂದು ಕಣ್ಣು ಮಂಜಾದವರಿಗೂ ಗೊತ್ತಾಗಬೇಕು. ಎರಡೇ ಬಟನ್ ಇರುವ ಮೆನುವಿನಲ್ಲಿ ಹಳದಿ ಯಾವುದು, ತಿಳಿಹಳದಿ ಯಾವುದು ಎಂದು ಹುಡುಕಿಸುವುದು ನೋಡುವವರಿಗೆ ಕೊಡುವ ಕಾಟ.

ಇನ್ನು ರಿಮೋಟಿನ ಮಾತು. ಹಳ್ಳಿ ಮನೆಯಲ್ಲಿ ಡಿವಿಡಿ ಪ್ಲೇಯರ್ ಹತ್ತು ವರ್ಷ ಬಾಳಬಹುದು, ರಿಮೋಟ್ ಎರಡು ವರ್ಷ ಬಾಳಿದರೆ ಪುಣ್ಯ. ಮಗು ಸೆಲ್ ತೆಗೆದು ಆಟಿಕೆಗೆ ಹಾಕಿರುತ್ತದೆ, ಇಲ್ಲವೇ ರಿಮೋಟೇ ಕಣಜದ ಹಿಂದೆ ಬಿದ್ದಿರುತ್ತದೆ. ಅಗ್ಗದ ಪ್ಲೇಯರಿನ ಮುಖದ ಮೇಲೆ ಪ್ಲೇ, ಸ್ಟಾಪ್, ಡಿಸ್ಕ್ ತೆರೆಯುವ ಬಟನ್ ಇರುತ್ತವೆ, ಬಾಣದ ಬಟನ್ ಇರುವುದಿಲ್ಲ. ಅಂಥ ಮನೆಯಲ್ಲಿ ಮೆನು ಬಂದು ನಿಂತರೆ ಅದು ಬೀಗ ಹಾಕಿದ ಬಾಗಿಲು. ಹಿನ್ನೆಲೆ ಸಂಗೀತ ಮತ್ತೆ ಮತ್ತೆ ಬಾರಿಸುತ್ತಲೇ ಇರುತ್ತದೆ, ಮದುವೆ ಮಾತ್ರ ಶುರುವಾಗುವುದಿಲ್ಲ.

ಇದಕ್ಕೆ ಪರಿಹಾರ ಡಿವಿಡಿಯ ನಿಯಮದಲ್ಲೇ ಇದೆ. ಡಿಸ್ಕ್ ಹಾಕಿದ ತಕ್ಷಣ ಮೊದಲು ಏನು ಓಡಬೇಕು ಎಂದು ಮಾಡುವವರು ಬರೆದಿಡಬಹುದು. ಮೆನುವನ್ನು ಪಕ್ಕಕ್ಕಿಟ್ಟು ನೇರ ವಿಡಿಯೊ ಶುರು ಮಾಡಬಹುದು, ಮೆನು ಬೇಕಾದವರು ರಿಮೋಟಿನ ಮೆನು ಬಟನ್ ಒತ್ತಿಕೊಳ್ಳುತ್ತಾರೆ. ಮೊದಲು ಮೆನುವೇ ಬರಲಿ ಎನ್ನುವುದಾದರೆ ಹದಿನೈದು ಸೆಕೆಂಡ್ ಯಾರೂ ಏನೂ ಒತ್ತದಿದ್ದಾಗ ತಾನಾಗಿ ವಿಡಿಯೊ ಶುರುವಾಗುವಂತೆ ಮಾಡಬಹುದು. ಈ ಎರಡರಲ್ಲಿ ಒಂದನ್ನು ಮಾಡಲು ಬಿಡದ ಸಾಫ್ಟ್‌ವೇರ್ ಎಷ್ಟೇ ಚಂದದ ಟೆಂಪ್ಲೇಟ್ ಕೊಟ್ಟರೂ ನಮ್ಮ ಊರುಗಳಿಗೆ ಲಾಯಕ್ಕಲ್ಲ. ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಸ್ಟುಡಿಯೊಗಳಲ್ಲಿ ಕಾಣುವ ದೊಡ್ಡ ಹೆಸರು ಅಡೋಬ್ ಎನ್‌ಕೋರ್. ಕೆಲಸಗಾರ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. ಫೋಟೊಶಾಪಿನಲ್ಲಿ ಮಾಡಿದ ಮೆನುವನ್ನು ಪದರ ಪದರವಾಗಿ ಹಾಗೇ ತೆಗೆದುಕೊಳ್ಳುತ್ತದೆ, ಯಾವ ಬಟನ್ನಿನಿಂದ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಕೈಯಲ್ಲೇ ಇರುತ್ತದೆ. ಆದರೆ 2012ರ ಸಿಎಸ್6 ಆವೃತ್ತಿಯೇ ಅದರ ಕೊನೆಯದು, ಆಮೇಲೆ ಕಂಪನಿ ಅದನ್ನು ಬೆಳೆಸಲಿಲ್ಲ. ನಮ್ಮ ಕಡೆ ಓಡಾಡುವುದೆಲ್ಲ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಕದ್ದ ಪ್ರತಿ. ಅದರ ಜೊತೆ ವೈರಸ್ ಬಂದರೆ ಹೋಗುವುದು ಒಬ್ಬ ಗ್ರಾಹಕನ ಮದುವೆಯಲ್ಲ, ಒಂದು ಹಂಗಾಮಿನ ಎಲ್ಲ ಮದುವೆಗಳು.

ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಡಿವಿಡಿ ಮೇಕರ್ ಎಂಬ ಸಾಫ್ಟ್‌ವೇರ್ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ಅದನ್ನು ತೆಗೆದುಹಾಕಿದರು. ನೀರೊ ಅನೇಕರಿಗೆ ಗೊತ್ತು, ಡಿಸ್ಕ್ ರೈಟ್ ಮಾಡುವ ಸಾಫ್ಟ್‌ವೇರ್ ಎಂದೇ ಅದರ ಹೆಸರು. ಡಿವಿಡಿ ಫ್ಲಿಕ್ ಪುಕ್ಕಟೆ, ಬಹಳ ಸುಲಭ, ಆದರೆ ಅದು ಕೊಟ್ಟ ಕೆಲವೇ ಮೆನುಗಳಲ್ಲಿ ಒಂದನ್ನು ನಾವು ಒಪ್ಪಿಕೊಳ್ಳಬೇಕು. ಮೆನುವೇ ಬೇಡ, ಹಾಕಿದ ಕೂಡಲೇ ಓಡಲಿ ಎನ್ನುವವರಿಗೆ ಅದೇ ಸಾಕು.

ನನ್ನ ಆಯ್ಕೆ ಡಿವಿಡಿಸ್ಟೈಲರ್. ಪುಕ್ಕಟೆ, ಮುಕ್ತ ತಂತ್ರಾಂಶ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ನೋಡಲು ಅಂಥ ಚಂದವಿಲ್ಲ, ಅದರ ಸಿದ್ಧ ಮೆನುಗಳಂತೂ ಹಳೆಯ ಕ್ಯಾಲೆಂಡರಿನಂತಿವೆ. ಆದರೆ ಹಿನ್ನೆಲೆಗೆ ನಮ್ಮದೇ ಚಿತ್ರ ಇಡಬಹುದು, ಬಟನ್ನನ್ನು ಬೇಕಾದಲ್ಲಿ ಕೂರಿಸಬಹುದು, ಯಾವ ಬಟನ್ ಯಾವ ಭಾಗಕ್ಕೆ ಹೋಗಬೇಕು, ಮೆನು ಎಷ್ಟು ಸೆಕೆಂಡ್ ನಿಲ್ಲಬೇಕು, ಆಮೇಲೆ ಏನಾಗಬೇಕು ಎಂಬುದನ್ನೆಲ್ಲ ನಾವೇ ತೀರ್ಮಾನಿಸಬಹುದು. ವಿಡಿಯೊ ಆಗಲೇ ಡಿವಿಡಿಗೆ ಹೊಂದುವ ರೂಪದಲ್ಲಿದ್ದರೆ ಮತ್ತೆ ಅರೆಯದೆ ಹಾಗೇ ಸೇರಿಸಿಕೊಳ್ಳುವ ಆಯ್ಕೆಯೂ ಇದೆ. ಈ ಕೊನೆಯದು ಎಷ್ಟು ದೊಡ್ಡ ಉಪಕಾರ ಎಂಬುದು ಹಳೆಯ ಡಿಸ್ಕ್ ಸರಿಮಾಡಲು ಕೂತಾಗ ಗೊತ್ತಾಗುತ್ತದೆ. ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಅದು ಪಾಲ್ ಬೇಕೋ ಎನ್‌ಟಿಎಸ್‌ಸಿ ಬೇಕೋ ಎಂದು ಕೇಳುತ್ತದೆ. ಕಣ್ಣುಮುಚ್ಚಿ ಮುಂದೆ ಹೋಗಬೇಡಿ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಸೆಕೆಂಡಿಗೆ 25 ಚಿತ್ರ, ಅಳತೆ 720 ಅಡ್ಡ, 576 ಉದ್ದ. ಎನ್‌ಟಿಎಸ್‌ಸಿ ಅಮೆರಿಕ, ಜಪಾನಿನದು. ತಪ್ಪಾಗಿ ಅದನ್ನು ಆರಿಸಿದರೆ 25ನ್ನು ಎಳೆದು 30ರ ಹತ್ತಿರಕ್ಕೆ ತರುವಾಗ ಕುಣಿತದಲ್ಲಿ ಒಂದು ಜರ್ಕು ಬರುತ್ತದೆ. ಪ್ಲೇಯರ್ ಓಡಿಸುತ್ತದೆ, ಆದರೆ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇರುತ್ತದೆ.

ಮೆನುವಿನಲ್ಲಿ ಕನ್ನಡ ಬರೆಯುವುದು ಇನ್ನೊಂದು ಗೋಳು. ಹಳೆಯ ಫೋಟೊಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. ಅದಕ್ಕೇ ಸ್ಟುಡಿಯೊದವರು ನುಡಿ, ಬರಹದ ಹಳೆಯ ಫಾಂಟ್ ಹಿಡಿದರು, ಇಲ್ಲದಿದ್ದರೆ ಇಂಗ್ಲಿಷಿಗೇ ಶರಣಾದರು. ಅಕ್ಷರ ಕಲಿತದ್ದೇ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆವರೆಗೆ ಎನ್ನುವ ತಾಯಿ, ಮಗಳ ಮದುವೆ ನೋಡಲು ಇಂಗ್ಲಿಷ್ ಓದಬೇಕು! ಈಗ ಇದಕ್ಕೆ ನೆಪವಿಲ್ಲ. ಇಂಕ್‌ಸ್ಕೇಪ್, ಗಿಂಪ್ ಎರಡೂ ಪುಕ್ಕಟೆ, ಎರಡರಲ್ಲೂ ಯೂನಿಕೋಡ್ ಕನ್ನಡ ಒತ್ತಕ್ಷರದ ಸಮೇತ ಸರಿಯಾಗಿ ಮೂಡುತ್ತದೆ. ಅಕ್ಷರವನ್ನು ಡಿವಿಡಿ ಸಾಫ್ಟ್‌ವೇರಿನಲ್ಲಿ ಬರೆಯುವ ಗೊಡವೆಗೇ ಹೋಗಬೇಡಿ. ಮೆನುವಿನ ಇಡೀ ಚಿತ್ರವನ್ನು ಅಕ್ಷರದ ಸಹಿತ ಹೊರಗೆ ಮಾಡಿಕೊಂಡು, ಡಿವಿಡಿಸ್ಟೈಲರಿನಲ್ಲಿ ಅದನ್ನು ಹಿನ್ನೆಲೆಯಾಗಿ ಇಟ್ಟು, ಪ್ರತಿ ಹೆಸರಿನ ಮೇಲೆ ಬರೀ ಚೌಕಟ್ಟಿನ ಬಟನ್ ಕೂರಿಸಿ.

ಚಿತ್ರ ಮಾಡುವಾಗ ಒಂದು ಸೂಕ್ಷ್ಮ ಇದೆ. ಡಿವಿಡಿಯ ಚುಕ್ಕೆಗಳು ಚೌಕವಲ್ಲ. ಅಗಲ ಪರದೆಯ ಡಿಸ್ಕಿಗೆ 1024 ಅಡ್ಡ 576 ಉದ್ದದ ಅಳತೆಯಲ್ಲಿ ಚಿತ್ರ ಬಿಡಿಸಿ, ಕೊನೆಗೆ ಅದನ್ನು 720 ಅಡ್ಡಕ್ಕೆ ಹಿಂಡಬೇಕು. ಟಿವಿ ಅದನ್ನು ಮತ್ತೆ ಅಗಲಿಸಿ ತೋರಿಸುತ್ತದೆ. ಹಳೆಯ 4:3 ಆಕಾರಕ್ಕಾದರೆ 768ರಿಂದ ಹಿಂಡಬೇಕು. ನೇರವಾಗಿ 720ರಲ್ಲೇ ಬಿಡಿಸಿದರೆ ಮದುಮಗಳ ಮುಖ ಕುಂಬಳಕಾಯಿಯಂತೆ ಅಗಲವಾಗುತ್ತದೆ. ಹಾಗೆಯೇ ಹಳೆಯ ಡಬ್ಬಿ ಟಿವಿಗಳು ಚಿತ್ರದ ಅಂಚನ್ನು ನುಂಗಿಬಿಡುತ್ತವೆ. ಹೆಸರುಗಳೆಲ್ಲ ನಡುವಿನ ನೂರಕ್ಕೆ 80 ಭಾಗದೊಳಗೆ ಇರಲಿ. ತೆಳು ಅಕ್ಷರ ಬೇಡ, ಒಂದೆಳೆಯ ಅಡ್ಡಗೆರೆ ಆ ಟಿವಿಗಳಲ್ಲಿ ಪಟಪಟ ಮಿಡಿಯುತ್ತದೆ. ಕನ್ನಡದ ತಲೆಕಟ್ಟೇ ಅಡ್ಡಗೆರೆಯಲ್ಲವೇ.

ಇಷ್ಟೆಲ್ಲ ಮೆನುವಿನ ಮಾತಾಯಿತು. ಆದರೆ ಮೆನು ಕೆಟ್ಟರೆ ಮತ್ತೆ ಮಾಡಬಹುದು. ಮತ್ತೆ ಮಾಡಲಾಗದ್ದು ಬೇರೆ ಇದೆ.

ನನಗೆ ಗೊತ್ತಿರುವ ಒಂದು ಊರಿನಲ್ಲಿ ಪಟ್ಟಿ ಎತ್ತಿ ದೊಡ್ಡಾಟ ಆಡಿಸಿದ್ದರು, ಕರ್ಣಾರ್ಜುನರ ಕಾಳಗ. ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗಿನವರೆಗೆ ನಡೆದಿತ್ತು. ಪಕ್ಕದ ಪಟ್ಟಣದ ಒಂದು ಸ್ಟುಡಿಯೊದವರು ಶೂಟ್ ಮಾಡಿ, ಕತ್ತರಿಸಿ, ಆರು ಗಂಟೆಯ ಒಂದೇ ಡಿಸ್ಕ್ ಮಾಡಿ ಮೂವತ್ತು ಪ್ರತಿ ಕೊಟ್ಟರು. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಓಡಿಸಿಯೂ ತೋರಿಸಿದ್ದರು. ಊರಿಗೆ ತಂದು ಹಾಕಿದರೆ ಒಂದು ಪ್ಲೇಯರಿನಲ್ಲೂ ಓಡಲಿಲ್ಲ. ಹಬ್ಬ, ಬಿತ್ತನೆ, ಹಂಗಾಮು ಎಂದು ದಿನ ಕಳೆದು ಅವರು ತಿರುಗಿ ಹೋಗುವಷ್ಟರಲ್ಲಿ ಮೂಲ ಶೂಟಿಂಗ್ ಅಳಿಸಿ ಆಗಿತ್ತು. ಕರ್ಣನ ಪಾತ್ರ ಹಾಕಿದ್ದವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆಟ ಕಲಿಸಿದ ಮಾಸ್ತರರು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದರು. “ತಮ್ಮಾ, ಪೇಪರಿನಾಂವ ನೀ. ಇದರಾಗ ಅಂವ ಅದಾನ ಅಂತಾರ. ಒಂದಸಲ ಅಂವನ ಪದಾ ಕೇಳಸಿಬಿಡು.”

“ನೋಡೂಣ್ರಿ ಕಾಕಾ, ಕಂಪ್ಯೂಟರಿಗೆ ಹಾಕಿ ನೋಡತೇನಿ” ಎಂದೆ.

ತೊಂದರೆ ಸಣ್ಣದೇ ಇತ್ತು. ಡಿವಿಡಿ ಪ್ಲೇಯರ್ ಡಿಸ್ಕಿನಲ್ಲಿ ಮೊದಲು ಹುಡುಕುವುದು ವಿಡಿಯೊ_ಟಿಎಸ್ ಎಂಬ ಫೋಲ್ಡರನ್ನು. ಅದು ಎಲ್ಲಕ್ಕಿಂತ ಹೊರಗೆ, ಬಾಗಿಲಲ್ಲೇ ಇರಬೇಕು. ಸ್ಟುಡಿಯೊದವರು ಊರಿನ ಹೆಸರಿನ ಒಂದು ಫೋಲ್ಡರ್ ಮಾಡಿ ಅದರೊಳಗೆ ಇದನ್ನು ಇಟ್ಟು ಡೇಟಾ ಡಿಸ್ಕಿನಂತೆ ರೈಟ್ ಮಾಡಿದ್ದರು. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಫೋಲ್ಡರ್ ತೋರಿಸಿದರೆ ಓಡುತ್ತದೆ, ಮನೆಯ ಪ್ಲೇಯರಿಗೆ ಅದು ಖಾಲಿ ಡಿಸ್ಕ್. ಫೈಲುಗಳನ್ನು ತೆಗೆದು, ಡಿವಿಡಿಸ್ಟೈಲರಿನಲ್ಲಿ ಮತ್ತೆ ಅರೆಯದೆ ಜೋಡಿಸಿ, ಹೊಸ ಮೆನು ಹಾಕಿ ರೈಟ್ ಮಾಡಿದ್ದಾಯಿತು. ಒಂದು ಮಧ್ಯಾಹ್ನದ ಕೆಲಸ. ಮೆನುವಿನಲ್ಲಿ ಗಣಸ್ತುತಿ, ಸಾರಥಿ, ಕೌರವನ ಪ್ರವೇಶ, ಕರ್ಣನ ಪ್ರವೇಶ, ಅರ್ಜುನನ ಪ್ರವೇಶ ಎಂದು ಪಾತ್ರದ ಪ್ರಕಾರ ಬಟನ್, ಪ್ರತಿ ಬಟನ್ನಿನ ಪಕ್ಕ ಪಾತ್ರಧಾರಿಯ ಹೆಸರು. ಊರಿನವರು ಡಿಸ್ಕ್ ಹಾಕುವುದು ತಮ್ಮ ಮನೆಯವನು ರಂಗಕ್ಕೆ ಬಂದ ಗಳಿಗೆ ನೋಡಲು. ಅಲ್ಲಿಗೆ ಒಂದೇ ಒತ್ತಿನಲ್ಲಿ ಹೋಗುವಂತಿದ್ದರೆ ಅದು ಮೆನು. ಒಂದು ವಿಡಿಯೊದಲ್ಲಿ 99 ಅಧ್ಯಾಯಗಳವರೆಗೆ ಗುರುತು ಹಾಕಲು ಡಿವಿಡಿಯಲ್ಲಿ ಅವಕಾಶ ಇರುವಾಗ ‘ಭಾಗ 1’, ‘ಭಾಗ 2’ ಎಂದು ಬರೆದು ಕೈತೊಳೆದುಕೊಳ್ಳುವುದು ಸೋಮಾರಿತನ.

ಆದರೆ ಆ ಡಿಸ್ಕಿನಲ್ಲಿ ಸರಿಮಾಡಲಾಗದ್ದು ಉಳಿದೇಬಿಟ್ಟಿತು. ಕರ್ಣ ತಿರುಗಿ ಕುಣಿಯುವಾಗ ಮುಖ ಚೌಕಚೌಕವಾಗಿ ಒಡೆಯುತ್ತದೆ. ಪದ ಕೇಳುತ್ತದೆ, ಭುಜಕೀರ್ತಿ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಮಾಸ್ತರರು ಟಿವಿಯ ಹತ್ತಿರ ಹತ್ತಿರ ಹೋಗಿ ಕೂತರು. ಹತ್ತಿರ ಹೋದಷ್ಟೂ ಚೌಕ ದೊಡ್ಡದಾಗುತ್ತಿತ್ತು.

ಇದರ ಲೆಕ್ಕ ಸುಲಭ. ಒಂದು ಸಾಮಾನ್ಯ ಡಿಸ್ಕಿನಲ್ಲಿ ಹಿಡಿಯುವುದು 4.7 ಜಿಬಿ, ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ. ಎರಡು ಗಂಟೆಯ ವಿಡಿಯೊ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, ಮದುವೆಗೆ ಚೆನ್ನಾಗಿ ಸಾಕು. ಮೂರು ಗಂಟೆಗೆ 3.5ರ ಆಸುಪಾಸು, ತಡೆದುಕೊಳ್ಳಬಹುದು. ಆರು ಗಂಟೆ ತುರುಕಿದರೆ 1.7. ನಿಂತು ಭಾಷಣ ಮಾಡುವವರಿಗೆ ಹೇಗೋ ಆದೀತು, ದೊಡ್ಡಾಟದ ಕುಣಿತಕ್ಕೆ ಆಗುವುದಿಲ್ಲ. ರೊಟ್ಟಿ ಹಿಟ್ಟು ಒಂದೇ, ತಟ್ಟುವ ಅಗಲ ಹೆಚ್ಚಾದರೆ ನಡುವೆ ತೂತು ಬೀಳಲೇಬೇಕು. ಆರು ಗಂಟೆಯ ಆಟಕ್ಕೆ ಮೂರು ಡಿಸ್ಕ್ ಮಾಡಬೇಕಿತ್ತು. ಖಾಲಿ ಡಿಸ್ಕಿನ ಬೆಲೆ ಒಂದು ಚಹಾಕ್ಕೆ ಹೋಲಿಸುವಂಥದ್ದು. ಅದನ್ನು ಉಳಿಸಲು ಹೋಗಿ ಒಬ್ಬ ಮನುಷ್ಯನ ಮುಖ ಕಳೆದರು. ಆ ಸ್ಟುಡಿಯೊದ ಹೆಸರು ಬರೆಯುವುದಿಲ್ಲ, ಅದೊಂದೇ ಹೀಗೆ ಮಾಡಿದ್ದಲ್ಲ.

ಎರಡು ಪದರದ 8.5 ಜಿಬಿ ಡಿಸ್ಕ್ ಸಿಗುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಸಿಗುತ್ತದೆ, ಆದರೆ ಹಳೆಯ ಪ್ಲೇಯರ್ ಮನೆಯಲ್ಲಿ ರೈಟ್ ಮಾಡಿದ ಎರಡು ಪದರದ ಡಿಸ್ಕಿಗೆ ಬೇಗ ಮುಖ ತಿರುಗಿಸುತ್ತದೆ. ಒಂದೇ ಪದರದ ಎರಡು ಡಿಸ್ಕ್ ಮೇಲು. ತದ್ವಿರುದ್ಧದ ಅತಿಯೂ ಬೇಡ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್ ವರೆಗೆ ಅವಕಾಶ ಇದೆಯೆಂದು ಪೂರ್ತಿ ಅಷ್ಟನ್ನೂ ಹಾಕಿದರೆ ಅಗ್ಗದ ಪ್ಲೇಯರ್ ರೈಟ್ ಮಾಡಿದ ಡಿಸ್ಕ್ ಓದುವಾಗ ಏದುಸಿರು ಬಿಡುತ್ತದೆ. 7ಕ್ಕೆ ನಿಲ್ಲಿಸಿ. ಧ್ವನಿಗೆ ಎಸಿ3 ಆರಿಸಿ, ಪಿಸಿಎಂ ಬೇಡ. ಪಿಸಿಎಂ ಒಂದೇ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ತಿನ್ನುತ್ತದೆ, ಅಷ್ಟು ಜಾಗ ಚಿತ್ರಕ್ಕೆ ಸಿಗಲಿ.

ರೈಟ್ ಮಾಡಲು ಇಮ್ಗ್‌ಬರ್ನ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ. ವಿಡಿಯೊ_ಟಿಎಸ್ ಫೋಲ್ಡರನ್ನು ಎಲ್ಲಿಡಬೇಕು, ಡಿಸ್ಕಿನ ಕ್ರಮ ಹೇಗಿರಬೇಕು ಎಂಬುದು ಅದಕ್ಕೆ ಗೊತ್ತು, ತಪ್ಪಿದ್ದರೆ ತಡೆದು ಕೇಳುತ್ತದೆ. ವೇಗ 16 ಎಕ್ಸ್ ಬಿಟ್ಟು 8ಕ್ಕೆ ಇಳಿಸಿ, ಮುಗಿದ ಮೇಲೆ ವೆರಿಫೈ ಮಾಡಲು ಬಿಡಿ. ಹಳೆಯ ಪ್ಲೇಯರುಗಳಿಗೆ ಪ್ಲಸ್ ಡಿಸ್ಕಿಗಿಂತ ಮೈನಸ್ ಡಿಸ್ಕ್, ಅಂದರೆ ಡಿವಿಡಿ-ಆರ್, ಹೆಚ್ಚು ಪರಿಚಿತ. ಮೈನಸ್ ಬಂದದ್ದು ಮೊದಲು, ಪ್ಲಸ್ ಆಮೇಲೆ. ಡಿಸ್ಕಿನ ಮೇಲೆ ಮದುಮಕ್ಕಳ ಫೋಟೊದ ಕಾಗದದ ಸ್ಟಿಕ್ಕರ್ ಅಂಟಿಸುವ ಹುಚ್ಚು ಬಿಡಿ. ಅದು ಒಂದು ಕಡೆ ಭಾರವಾಗಿ ಡಿಸ್ಕ್ ತೂಗಾಡುತ್ತದೆ, ವರ್ಷ ಕಳೆದಂತೆ ಅಂಚು ಏಳುತ್ತದೆ.

ಇನ್ನು ಪರೀಕ್ಷೆ. ಕಂಪ್ಯೂಟರಿನಲ್ಲಿ ಓಡಿತು ಎಂಬುದು ಪರೀಕ್ಷೆಯೇ ಅಲ್ಲ, ವಿಎಲ್‌ಸಿ ಎಂಥ ತಪ್ಪನ್ನೂ ಕ್ಷಮಿಸುವ ದೊಡ್ಡ ಮನಸ್ಸಿನದು. ಸ್ಟುಡಿಯೊದಲ್ಲಿ ಗುಜರಿಯಿಂದ ತಂದ ಎರಡು ಹಳೆಯ ಪ್ಲೇಯರ್ ಇಟ್ಟುಕೊಳ್ಳಿ, ಒಂದರ ರಿಮೋಟ್ ಎಸೆದುಬಿಡಿ. ರಿಮೋಟ್ ಇಲ್ಲದ ಆ ಪ್ಲೇಯರಿನಲ್ಲಿ ಡಿಸ್ಕ್ ಹಾಕಿದ ಅರ್ಧ ನಿಮಿಷದೊಳಗೆ ಮದುವೆ ಶುರುವಾದರೆ ಮಾತ್ರ ಗ್ರಾಹಕನಿಗೆ ಕೊಡಿ.

ದುಡ್ಡು ಕೊಡುವ ಕಡೆಯವರಿಗೂ ಒಂದು ಮಾತು. ಮುಂಗಡ ಕೊಡುವಾಗಲೇ ಕೇಳಿ: ಎಷ್ಟು ಗಂಟೆಯದು, ಎಷ್ಟು ಡಿಸ್ಕು, ಮೆನು ಕನ್ನಡದಲ್ಲಿ ಇರುತ್ತದೋ ಇಲ್ಲವೋ, ನಿಮ್ಮ ಜಾಹೀರಾತು ದಾಟಿ ಹೋಗಲು ಬಿಡುತ್ತೀರೋ ಇಲ್ಲವೋ. ಜೊತೆಗೆ ಪೂರ್ತಿ ಗುಣಮಟ್ಟದ ಎಂಪಿ4 ಫೈಲನ್ನು ನಿಮ್ಮದೇ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ, ಮುಂದೆ ಡಿಸ್ಕ್ ಓದುವ ಯಂತ್ರ ಹುಡುಕಬೇಕಾದೀತು. ಡಿಸ್ಕ್ ಕೈಗೆ ಬಂದ ದಿನವೇ ನಿಮ್ಮ ಮನೆಯ ಪ್ಲೇಯರಿನಲ್ಲಿ ಮೊದಲು, ನಡುವೆ, ಕೊನೆ ಮೂರು ಕಡೆ ನೋಡಿ. ಮೂಲ ಶೂಟಿಂಗ್ ಸ್ಟುಡಿಯೊದ ಹಾರ್ಡ್‌ಡಿಸ್ಕಿನಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ, ಆ ದಿನವನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ. ಬಾಕಿ ಹಣ ಕೊಡುವುದು ನೋಡಿದ ಮೇಲೆ.